ದಿನದ ಸಾಲ, ಸೊಸೈಟಿ ಸಾಲ, ಬಂಗಾರದ ಸಾಲ: ನಮ್ಮ ಅಂಗಡಿಗೆ ಆಗಿಬಂದದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಯಾಂಕಿನ ಬಂಗಾರದ ಸಾಲಕ್ಕೆ. ದಾವಣಗೆರೆಯಲ್ಲಿ ನಮ್ಮದು ನೋಟ್‌ಬುಕ್, ಸ್ಟೇಷನರಿ ಅಂಗಡಿ. ಏಪ್ರಿಲ್, ಮೇನಲ್ಲಿ ಮಾಲು ತುಂಬಿಸಬೇಕು, ಜೂನ್‌ನಲ್ಲಿ ಗಲ್ಲಾ ತುಂಬುತ್ತದೆ, ಶಾಲೆಗಳಿಗೆ ಕೊಟ್ಟ ಉದ್ರಿ ವಸೂಲಾಗುವಷ್ಟರಲ್ಲಿ ದಸರಾ ಬಂದಿರುತ್ತದೆ. ಈ ನಡುವಿನ ತಿಂಗಳುಗಳಿಗಾಗಿ ಮೂರೂ ಬಗೆಯ ಸಾಲ ಮಾಡಿದ್ದೇವೆ.

ದಿನದ ಸಾಲ ಸಿಗುವಷ್ಟು ಸಲೀಸಾಗಿ ಇನ್ಯಾವುದೂ ಸಿಗುವುದಿಲ್ಲ. ಲಕ್ಷ ಎಂದು ಬರೆಸಿಕೊಂಡು ಕೈಗೆ 90,000 ಕೊಡುತ್ತಾರೆ, ದಿನಕ್ಕೆ 1,000ದಂತೆ 100 ದಿನ ಕಟ್ಟಬೇಕು. ಹತ್ತು ಸಾವಿರ ತಾನೇ ಅನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುವುದರಿಂದ ಸರಾಸರಿ ನಮ್ಮ ಕೈಯಲ್ಲಿ ಉಳಿಯುವುದು ಸುಮಾರು 45,000 ಮಾತ್ರ. ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ 75 ದಾಟುತ್ತದೆ. ಅಡಮಾನವಿಲ್ಲದ ಸಾಲಕ್ಕೆ ಲೇವಾದೇವಿಗಾರರು ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಎಂಬ ಮಿತಿ ನಮ್ಮ ರಾಜ್ಯದಲ್ಲಿದೆ, ಸಂಜೆ ಅಂಗಡಿ ಮುಂದೆ ಬೈಕ್ ನಿಲ್ಲಿಸುವವರಿಗೆ ಅದರ ಲೆಕ್ಕವಿಲ್ಲ. ಆಷಾಢದಲ್ಲಿ ಸಾವಿರ ರೂಪಾಯಿ ಲಾಭವೇ ಹುಟ್ಟದ ದಿನವೂ ಸಾವಿರ ಎಣಿಸಿ ಕೊಡಬೇಕು. ಹಾಗೆ ಕೊಟ್ಟದ್ದು ಲಾಭದಿಂದಲ್ಲ, ಮಾಲು ತರಬೇಕಾದ ದುಡ್ಡಿನಿಂದ.

ಸೊಸೈಟಿಯಲ್ಲಿ ಮರ್ಯಾದೆ ಇದೆ. ಪಿಗ್ಮಿ (ದಿನದಿನದ ಉಳಿತಾಯ) ಕಟ್ಟುತ್ತಿದ್ದ ಕಾರಣ ಏಜೆಂಟೇ ಅರ್ಜಿ ತಂದುಕೊಟ್ಟರು. ಎರಡು ಲಕ್ಷಕ್ಕೆ ಶೇ 12ರ ಬಡ್ಡಿ, 24 ಕಂತು, ತಿಂಗಳಿಗೆ 10,333. ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಎರಡು ಲಕ್ಷದ ಮೇಲೆಯೇ, ಒಟ್ಟು 48,000. ಉಳಿದ ಬಾಕಿಯ ಮೇಲೆ ಲೆಕ್ಕ ಮಾಡಿದರೆ ಅದು ಶೇ 21ಕ್ಕಿಂತ ಹೆಚ್ಚು. ಜೂನ್‌ನಲ್ಲಿ ಕೈ ತುಂಬ ದುಡ್ಡಿದ್ದಾಗ ಹೆಚ್ಚಿಗೆ ಕಟ್ಟಿದರೂ ಬಡ್ಡಿ ಇಳಿಯಲಿಲ್ಲ. ಜೊತೆಗೆ ಇಬ್ಬರು ಜಾಮೀನುದಾರರು ಬೇಕು. ಒಂದು ಕಂತು ತಪ್ಪಿದರೆ ಪಕ್ಕದ ಅಂಗಡಿಯವರಿಗೂ ನೋಟಿಸ್ ಹೋಗುತ್ತದೆ, ಅದು ನನ್ನಿಂದ ಸಹಿಸಲಾಗದ ವಿಷಯ.

ಅದೇ ಎರಡು ಲಕ್ಷ ಬಂಗಾರದ ಮೇಲೆ ನಮಗೆ ಶೇ 9ಕ್ಕೆ ಸಿಕ್ಕಿತು. ಅದೇ 10,333 ಕಟ್ಟುತ್ತಾ ಹೋದರೆ 21 ತಿಂಗಳಿಗೆ ಚುಕ್ತಾ, ಬಡ್ಡಿ ಸುಮಾರು 17,000. ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟೇ. ಉದ್ರಿ ಬಂದ ದಿನ ಐದು ಸಾವಿರ ಹೆಚ್ಚಿಗೆ ಕಟ್ಟಿದರೆ ಮರುದಿನದಿಂದಲೇ ಬಡ್ಡಿ ಅಷ್ಟು ಕಡಿಮೆ. ಸೀಸನ್ ನಂಬಿ ಬದುಕುವ ಅಂಗಡಿಗೆ ಬೇಕಾದದ್ದು ಇದೇ.

ತೊಡಕು ಇಲ್ಲೂ ಇದೆ, ಅದನ್ನು ಯಾರೂ ಮೊದಲು ಹೇಳುವುದಿಲ್ಲ. ಅಕ್ಕಸಾಲಿಗರು ಒಡವೆಗಳನ್ನು ಒಂದೊಂದಾಗಿ ಒರೆಗಲ್ಲಿಗೆ ಉಜ್ಜಿ, ಬೆಂಡೋಲೆಯ ಹರಳಿನ ತೂಕ ಕಳೆದು, ನಿವ್ವಳ ತೂಕ ಬರೆದರು. ಆಮೇಲೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಸೀಲ್ ಮಾಡಿದರು. ಒಂದು ಚೀಲ, ಒಂದು ಸಾಲದ ನಂಬರು.

ಅರ್ಧಕ್ಕಿಂತ ಹೆಚ್ಚು ಸಾಲ ತೀರಿದ ಮೇಲೆ ನಾದಿನಿಯ ಮದುವೆ ಬಂತು. ನನ್ನ ಹೆಂಡತಿಗೆ ಬೇಕಾಗಿದ್ದದ್ದು ನೆಕ್ಲೇಸ್ ಒಂದೇ. ಕೊಡಲು ಬರುವುದಿಲ್ಲ, ಪೂರ್ತಿ ಸಾಲ ತೀರಿಸಿದರೆ ಮಾತ್ರ ಚೀಲ ಒಡೆಯುತ್ತೇವೆ ಎಂದರು ಬ್ಯಾಂಕಿನವರು. ಭಾವನ ಹತ್ತಿರ ಕೈಗಡ ಮಾಡಿ ಸಾಲ ಮುಚ್ಚಿಸಿ ಒಡವೆ ಬಿಡಿಸಿಕೊಂಡೆವು. ತನ್ನ ತಂಗಿಯ ಮದುವೆಗೆ ತನ್ನದೇ ಒಡವೆಗಾಗಿ ಅವಳು ಕೌಂಟರಿನ ಮುಂದೆ ನಿಲ್ಲಬೇಕಾಯಿತಲ್ಲ, ಅದು ನನಗೆ ಬಹಳ ನೋವು ಕೊಟ್ಟಿತು.

ಮದುವೆ ಮುಗಿದ ಮೇಲೆ ಮತ್ತೆ ಅಡ ಇಡುವಾಗ ಮೂರು ಬೇರೆ ಸಾಲ ಮಾಡಿಸಿದೆವು: ಬಳೆಗೊಂದು, ಸರಕ್ಕೊಂದು, ನೆಕ್ಲೇಸಿಗೊಂದು. ಅಕ್ಕಸಾಲಿಗರ ಶುಲ್ಕ ಮೂರು ಸಲ ಬಿತ್ತು, ಬೀಳಲಿ. ಚಿಕ್ಕ ಸಾಲ ಮೊದಲು ತೀರಿಸಿ ಬಳೆ ಮನೆಗೆ ಬಂತು. ಈಗ ಸರದ ಸರದಿ. ಒಡವೆ ಒಂದೊಂದಾಗಿ ವಾಪಸ್ ಬರುತ್ತಿದ್ದರೆ ಮುಂದಿನ ಕಂತು ಕಟ್ಟುವ ಹುರುಪು ಮನೆಯವರಿಗೆಲ್ಲ ಇರುತ್ತದೆ.

ಬ್ಯಾಂಕು ಕೊಡುವಷ್ಟನ್ನೂ ತೆಗೆದುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ 2025ರ ಹೊಸ ನಿಯಮದ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85ರವರೆಗೂ ಕೊಡಬಹುದು. ನಾವು ಶೇ 60ಕ್ಕೆ ನಿಲ್ಲಿಸಿದೆವು, ಬೆಲೆ ಇಳಿದರೂ ನಿದ್ದೆ ಕೆಡುವುದಿಲ್ಲ. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದೂ ಅದೇ ನಿಯಮ ಹೇಳುತ್ತದೆ.

ಚೀಟಿ ನಮಗೆ ಒಗ್ಗಲಿಲ್ಲ. ಸರ್ಕಾರದ ಮುದ್ರಾ ಸಾಲ ಇರುವುದು ವ್ಯಾಪಾರ ಬೆಳೆಸಲು, ಹಳೇ ಕೈಸಾಲ ತೀರಿಸಲು ಅಲ್ಲ.

ಪಿಗ್ಮಿ ಮಾತ್ರ ಬಿಟ್ಟಿಲ್ಲ. ದಿನದ ಸಾಲದವರಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಅರ್ಧದಷ್ಟನ್ನು ಈಗ ಸಂಜೆ ಪಿಗ್ಮಿಗೆ ಹಾಕುತ್ತೇವೆ, ಅದು ಕೈಗೆ ಬಂದಾಗ ನೇರ ಬಂಗಾರದ ಸಾಲಕ್ಕೆ ಹೋಗುತ್ತದೆ. ತಿಂಗಳ ಕೊನೆಗೆ ಒಟ್ಟಿಗೆ ಎತ್ತಿಡುವ ಅಭ್ಯಾಸ ನಮಗಿಲ್ಲ, ದಿನದಿನಕ್ಕೆ ತೆಗೆದಿಟ್ಟರೇ ಉಳಿಯುವುದು.

ಮನೆಯಲ್ಲಿ ಬಂಗಾರ ಇಲ್ಲದವರಿಗೆ ಸೊಸೈಟಿಯೇ ದಾರಿ, ದಿನದ ಸಾಲವಂತೂ ಬೇಡ. ಅರ್ಜಿಗೆ ಸಹಿ ಹಾಕುವ ಮೊದಲು ಎರಡು ಕೇಳಿ: ಬಡ್ಡಿ ಉಳಿದ ಬಾಕಿಯ ಮೇಲೋ, ಪೂರ್ತಿ ಅಸಲಿನ ಮೇಲೋ? ಮುಂಚಿತವಾಗಿ ಕಟ್ಟಿದರೆ ಎಷ್ಟು ಬಡ್ಡಿ ಬಿಡುತ್ತೀರಿ? ಉತ್ತರವನ್ನು ಬರೆದು ಕೊಡಲು ಒಪ್ಪದಿದ್ದರೆ ಇನ್ನೊಂದು ಸೊಸೈಟಿ ನೋಡಿ.