ನಿಗಡಿ ಮನೆ ಮುಂದಿನ ಸ್ಟ್ಯಾಂಪ್ಡ್ ಕಾಂಕ್ರೀಟ್: 95 ರೂಪಾಯಿ ಅಂದಿದ್ದು 291 ಆಯಿತು

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಚೆನ್ನಾಗಿ ಬಂದಿದೆ. ಸ್ಟ್ಯಾಂಪ್ಡ್ ಕಾಂಕ್ರೀಟ್ ಅಂದರೆ ಹಸಿ ಕಾಂಕ್ರೀಟಿನ ಮೇಲೆ ಅಚ್ಚು ಒತ್ತಿ ಕಲ್ಲಿನ ಹಾಗೆ ಕಾಣಿಸೋದು. ಗೇಟು ತೆಗೆದರೆ ಬೂದು ಬಣ್ಣದ ಕಲ್ಲು ಹಾಸಿದ ಹಾಗೇ ಕಾಣುತ್ತದೆ. ಮನೆಗೆ ಬಂದವರು ಬಗ್ಗಿ ಮುಟ್ಟಿ ನೋಡಿ, ಕಲ್ಲಾ ಕಾಂಕ್ರೀಟಾ ಅಂತ ಕೇಳುತ್ತಾರೆ. ಆದರೆ ದುಡ್ಡಿನ ಲೆಕ್ಕವನ್ನು ಯಾರೂ ಪೂರ್ತಿ ಬಿಡಿಸಿ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಪುಣೆ ಪಕ್ಕದ ನಿಗಡಿ ಪ್ರಾಧಿಕರಣದಲ್ಲಿ ಹಳೇ ಮನೆ. ಗೇಟಿನಿಂದ ಹಿಂದಿನ ಶೆಡ್ ತನಕ 12 ಅಡಿ ಅಗಲ, 50 ಅಡಿ ಉದ್ದ. ಒಟ್ಟು 600 ಚದರ ಅಡಿ. ಮನೆ ಕಟ್ಟಿದಾಗ ಹಾಕಿದ್ದ ಶಹಾಬಾದ್ ಫರ್ಸಿ ಕಲ್ಲು ಕಾರಿನ ಚಕ್ರ ಓಡಾಡೋ ಕಡೆ ಕುಸಿದಿತ್ತು, ಪ್ರತಿ ಮಳೆಗಾಲ ಅಲ್ಲೇ ನೀರು ನಿಲ್ಲುತ್ತಿತ್ತು. 60 ಎಂಎಂ ಪೇವರ್ ಬ್ಲಾಕ್‌ಗೆ ಒಬ್ಬರು ಚದರ ಅಡಿಗೆ 70 ಹೇಳಿದರು. ಸ್ಟ್ಯಾಂಪ್ಡ್ ಕಾಂಕ್ರೀಟ್ ಮಾಡುವ ಕಾಂಟ್ರಾಕ್ಟರು 95 ಅಂದರು. ಬರೀ 25 ರೂಪಾಯಿ ವ್ಯತ್ಯಾಸ ಅಲ್ವಾ, ಬ್ಲಾಕ್ ಸಂದಿಯಲ್ಲಿ ಹುಲ್ಲು ಕೀಳೋ ಕೆಲಸವೂ ಇರಲ್ಲ ಅಂತ ಮನೆಯವರೆಲ್ಲ ಒಪ್ಪಿದೆವು.

ಆ 95 ಏನಕ್ಕೆ ಅಂತ ಕೇಳದೇ ಇದ್ದದ್ದು ನಮ್ಮ ತಪ್ಪು. ಅದು ಬರೀ ಮೇಲಿನ ಕೆಲಸದ ರೇಟು. ಮೇಲ್ಮೈಗೆ ಬಣ್ಣ, ಗಟ್ಟಿತನ ಕೊಡುವ ಕಲರ್ ಹಾರ್ಡ್ನರ್ ಪುಡಿ, ಅಚ್ಚು ಅಂಟದ ಹಾಗೆ ಉದುರಿಸುವ ರಿಲೀಸ್ ಪೌಡರ್, ರಬ್ಬರ್ ಅಚ್ಚು ಒತ್ತುವ ಕೂಲಿ, ಕೊನೆಗೆ ಮೇಲ್ಮೈ ಕಾಪಾಡೋಕೆ ಹೊಡೆಯುವ ಸೀಲರ್, ಇಷ್ಟೇ. ಕೆಳಗಿನ ಕಾಂಕ್ರೀಟೇ ಅದರಲ್ಲಿ ಇಲ್ಲ!

ಕೊನೆಗೆ ಬಂದ ಬಿಲ್ಲು ಹೀಗಿತ್ತು. ಅಚ್ಚಿನ ಕೆಲಸಕ್ಕೆ 57,000. ಎಂ25 ದರ್ಜೆಯ ರೆಡಿಮಿಕ್ಸ್, ಅಂದರೆ ಕಲಸಿಯೇ ಲಾರಿಯಲ್ಲಿ ತರುವ ಕಾಂಕ್ರೀಟ್, ಆರು ಘನ ಮೀಟರ್, ಮೀಟರಿಗೆ 5,500ರಂತೆ 33,000. ಹಳೇದು ಕಿತ್ತು ಮಣ್ಣು ಸಾಗಿಸಿದ್ದಕ್ಕೆ 14,000. ಮುರುಮು (ಗರಸು ಮಣ್ಣು) ತುಂಬಿ ದಮ್ಮಸು ಮಾಡಿದ್ದಕ್ಕೆ 18,000. ಕಬ್ಬಿಣದ ಜಾಲಿಗೆ ಕೂಲಿ ಸೇರಿ 17,000. ಮಿಕ್ಸರ್ ಲಾರಿ ಗೇಟಿನ ಒಳಗೆ ಬರಲ್ಲ, ಹಾಗಾಗಿ ಗಾಡಿಯಲ್ಲಿ ತಳ್ಳಿ ತಂದವರಿಗೆ 6,000. ಬಿರುಕು ಅಡ್ಡಾದಿಡ್ಡಿ ಬಾರದ ಹಾಗೆ ಗೆರೆ ಕೊಯ್ಯುವ ಜಾಯಿಂಟ್ ಕಟಿಂಗ್ ಮಷಿನ್‌ಗೆ 3,000. ಎಲ್ಲ ಸೇರಿ 1,48,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 26,640. ಒಟ್ಟು 1,74,640. ಚದರ ಅಡಿಗೆ ಭಾಗಿಸಿದರೆ 291 ರೂಪಾಯಿ. ಪೇವರ್ ಹಾಕಿದ್ದರೂ ಅಗೆತ, ಮುರುಮು, ಟ್ಯಾಕ್ಸ್ ಬಿಡುತ್ತಿರಲಿಲ್ಲ, ಆದರೂ 87,320ಕ್ಕೆ ಮುಗಿಯುತ್ತಿತ್ತು. ಅಂದರೆ ಸರಿಯಾಗಿ ಅರ್ಧ. ಈ ಎರಡು ಸಂಖ್ಯೆಗಳು ಶುರುವಿನಲ್ಲೇ ಕಣ್ಣ ಮುಂದೆ ಇದ್ದಿದ್ದರೆ ಮನೆಯಲ್ಲಿ ಮಾತುಕತೆಯೇ ಬೇರೆ ಇರುತ್ತಿತ್ತು.

ಇಷ್ಟರಲ್ಲಿ ನನಗೆ ಒಂದು ಚೂರೂ ಬೇಜಾರಿಲ್ಲದ ಖರ್ಚು ಅಂದರೆ ಆ ಮುರುಮಿನ 18,000. ಅಗೆದಾಗ ಗೇಟಿನ ಹತ್ತಿರ ಎರೆಮಣ್ಣು ಸಿಕ್ಕಿತು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ, ಅದರ ಮೇಲೆ ಎಂಥಾ ಕಾಂಕ್ರೀಟ್ ಹಾಕಿದರೂ ಒಡೆಯುತ್ತೆ. ಹಳೇ ಫರ್ಸಿ ಕುಸಿದಿದ್ದೂ ಅದಕ್ಕೇ. ಒಂದು ಅಡಿ ಎರೆಮಣ್ಣು ತೆಗೆಸಿ, ಮುರುಮನ್ನು ಎರಡು ಪದರ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು, ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಿದರು. ನೋಡೋಕೆ ಏನೂ ಕಾಣಲ್ಲ, ಆದರೆ ಬಾಳಿಕೆ ಎಲ್ಲಾ ಅಲ್ಲೇ ಇರೋದು. ಜಾಲಿಯನ್ನು ಮಾತ್ರ ನೆಲದ ಮೇಲೇ ಹಾಸಿಬಿಟ್ಟಿದ್ದರು. ನೆಲಕ್ಕೆ ಅಂಟಿದ ಕಬ್ಬಿಣ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೆಳಗೆ ಕವರ್ ಬ್ಲಾಕ್ ಅನ್ನೋ ಸಣ್ಣ ತುಂಡುಗಳನ್ನು ಇಟ್ಟು ಎತ್ತಿಸಿದೆ.

ಕೆಲಸಕ್ಕೆ ಬಂದ ಮೇಸ್ತ್ರಿ ಕಲಬುರಗಿ ಕಡೆಯವರು, ಶಹಾಬಾದ್ ಪಕ್ಕದ ಹಳ್ಳಿ. ನಾವು ಮನೆಯಲ್ಲಿ ಕನ್ನಡ ಮಾತಾಡೋದು ಕೇಳಿ ಅವರ ಮುಖ ಅರಳಿತು. ಕಿತ್ತ ಫರ್ಸಿಯನ್ನು ಟ್ರ್ಯಾಕ್ಟರಿಗೆ ತುಂಬೋಕೆ ಹೋದಾಗ ಅವರೇ ತಡೆದರು. "ಅಣ್ಣಾರ, ಇವು ನಮ್ಮೂರ ಕಲ್ಲ ಅದಾವ್ರಿ, ಒಗೀಬ್ಯಾಡ್ರಿ" ಅಂದರು. ಒಡೆಯದೇ ಉಳಿದವನ್ನು ತೊಳೆದು ಹಿತ್ತಲಲ್ಲಿ ಬಟ್ಟೆ ಒಗೆಯೋ ಜಾಗಕ್ಕೆ ಹಾಸಿಕೊಟ್ಟರು. ಅದಕ್ಕೆ ಅವರು ಒಂದು ರೂಪಾಯಿಯನ್ನೂ ಕೇಳಲಿಲ್ಲ, ನಾವೇ ಒತ್ತಾಯ ಮಾಡಿ ಕೊಟ್ಟೆವು.

ಕಾಂಕ್ರೀಟ್ ಬಂದಿದ್ದು ಏಪ್ರಿಲ್‌ನಲ್ಲಿ, ಬೆಳಿಗ್ಗೆ ಏಳಕ್ಕೆ. ನಾಲ್ಕು ಇಂಚು ದಪ್ಪ ಅಂದರೆ 200 ಘನ ಅಡಿ, ಒಂದು ಲಾರಿಗೆ ಸರಿಹೋಗುತ್ತೆ. ಲಾರಿ ಡ್ರೈವರ್ ಗಟ್ಟಿ ಆಗ್ತಿದೆ ಅಂತ ಪೈಪ್ ಹಿಡಿದು ನೀರು ಸೇರಿಸೋಕೆ ಹೊರಟಿದ್ದ. ಮೇಸ್ತ್ರಿ ಓಡಿಹೋಗಿ ಪೈಪ್ ಕಿತ್ತುಕೊಂಡರು. ನೀರು ಜಾಸ್ತಿ ಆದರೆ ಬಲ ಹೋಯಿತು ಅಂತಲೇ ಲೆಕ್ಕ. ನೀವೂ ಆ ಹೊತ್ತಿನಲ್ಲಿ ಲಾರಿ ಪಕ್ಕದಲ್ಲೇ ನಿಂತಿರಿ.

ಅಚ್ಚು ಒತ್ತೋದನ್ನು ಮಾತ್ರ ಕುರ್ಚಿ ಹಾಕಿಕೊಂಡು ನೋಡಿದೆ. ಮಟ್ಟ ಮಾಡಿದ ಮೇಲೆ ಬಣ್ಣದ ಪುಡಿಯನ್ನು ರಾಗಿ ಬಿತ್ತೋ ಹಾಗೆ ಕೈ ಬೀಸಿ ಎರಚಿ ತಿಕ್ಕುತ್ತಾರೆ. ಆಮೇಲೆ ಕಾಯುತ್ತಾರೆ. ಮೇಸ್ತ್ರಿ ಐದೈದು ನಿಮಿಷಕ್ಕೆ ಬಂದು ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಬೆರಳಿನ ಗುರುತು ಬೀಳಬೇಕು, ಆದರೆ ಮಸಾಲೆ ಬೆರಳಿಗೆ ಅಂಟಬಾರದು. ಆ ಹದ ಬಂದ ಮೇಲೆ ಮೂರು ಜನ ಒಬ್ಬರ ಹಿಂದೆ ಒಬ್ಬರು ರಬ್ಬರ್ ಅಚ್ಚು ಹಾಸುತ್ತಾ, ಮೇಲೆ ನಿಂತು ಗುದ್ದುತ್ತಾ ಬಂದರು. ಬಿಸಿಲು ಏರುತ್ತಿತ್ತು, ಕೊನೆಯ ಹತ್ತು ಅಡಿಗೆ ಬರುವಷ್ಟರಲ್ಲಿ ಕಾಂಕ್ರೀಟ್ ಬಿಗಿದಿತ್ತು. ಅಲ್ಲಿ ಅಚ್ಚು ತೆಳುವಾಗಿ ಬಿದ್ದಿದೆ, ಗೊತ್ತಿದ್ದವರಿಗೆ ಕಾಣುತ್ತೆ. ಪುಣೆಯಲ್ಲಿ ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿಯೇ ಸರಿ.

ಈಗ ನನ್ನ ಎರಡು ದೂರು.

ನಾಲ್ಕು ಇಂಚು ಕಾಂಕ್ರೀಟಿಗೆ ಎಂಟು ಹತ್ತು ಅಡಿಗೊಂದು ಜಾಯಿಂಟ್ ಬೇಕು, ಒಂದು ಇಂಚು ಆಳ ಕೊಯ್ಯಬೇಕು, ಅದೂ ಬೇಗ, ಅವತ್ತೇ ರಾತ್ರಿ ಅಥವಾ ಮರುದಿನ ಬೆಳಿಗ್ಗೆ. ನಮ್ಮಲ್ಲಿ ಮಷಿನ್ ಬಂದಿದ್ದು ಮೂರನೇ ದಿನ. ಅಷ್ಟರಲ್ಲಿ ಶೆಡ್ ಹತ್ತಿರ ಕೂದಲೆಳೆಯಷ್ಟು ಬಿರುಕು ಬಂದಾಗಿತ್ತು. ಬಣ್ಣ ತುಂಬಿ ಮುಚ್ಚಿದರು, ಆದರೂ ಸಂಜೆ ಬಿಸಿಲಿಗೆ ಗೆರೆ ಕಾಣುತ್ತೆ. ತಡ ಮಾಡಿದ್ದು ಕಾಂಟ್ರಾಕ್ಟರು, ಬಿಲ್ಲಿನಲ್ಲಿ ಏನೂ ಇಳಿಸಲಿಲ್ಲ. ಇದು ಸರಿಯಲ್ಲ ಅಂತ ಅವರ ಮುಂದೆಯೇ ಹೇಳಿದ್ದೇನೆ.

ಇನ್ನೊಂದು ಸೀಲರ್. 28 ದಿನ ಬಿಟ್ಟು ಹೊಡೆದರು, ಮಿರಮಿರ ಹೊಳೆಯಿತು, ನಮಗೆಲ್ಲ ಖುಷಿ. ಜೂನ್ ಮೊದಲ ಮಳೆ ಬಿದ್ದ ಬೆಳಿಗ್ಗೆ ಅಮ್ಮ ತುಳಸಿಗೆ ನೀರು ಹಾಕೋಕೆ ಹೋದವರು ಸರ್ರನೆ ಜಾರಿದರು. ಗೇಟಿನ ಸರಳು ಕೈಗೆ ಸಿಕ್ಕಿತು, ದೇವರ ದಯೆ. 78 ವಯಸ್ಸು, ಸೊಂಟ ಮುರಿದಿದ್ದರೆ? ಅವತ್ತು ಕೈಕಾಲು ನಡುಗಿದ್ದು ನನಗೆ. ಸೀಲರ್ ಜೊತೆ ಜಾರದ ಹಾಗೆ ತರಿ ಪುಡಿ ಬೆರೆಸಬಹುದು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಬೆರೆಸಬೇಕಿತ್ತು. ಆಗಸ್ಟ್‌ನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ಬಂದು ಪುಡಿ ಬೆರೆಸಿದ ಇನ್ನೊಂದು ಕೋಟ್ ಹೊಡೆದುಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅದನ್ನೂ ಹೇಳಲೇಬೇಕು. ಹೊಳಪು ಸ್ವಲ್ಪ ಕಮ್ಮಿ ಆಯಿತು, ಈಗ ಅಮ್ಮ ಒದ್ದೆ ಕಾಲಲ್ಲೇ ಓಡಾಡುತ್ತಾರೆ.

ರೇಟು ಕೇಳುವಾಗ ಅಗೆತದಿಂದ ಸೀಲರ್ ತನಕ, ಜಿಎಸ್‌ಟಿ ಸೇರಿಸಿ, ಒಂದೇ ಮೊತ್ತ ಬರೆದುಕೊಡಿ ಅನ್ನಿ. ಜಾಯಿಂಟ್ ಯಾವತ್ತು ಕೊಯ್ಯುತ್ತಾರೆ ಅನ್ನೋದನ್ನೂ ಬರೆಸಿಕೊಳ್ಳಿ. ಮೂರಡಿ ಮೂರಡಿ ಸ್ಯಾಂಪಲ್ ಮಾಡಿಸಿ, ನೀರು ಸುರಿದು, ಚಪ್ಪಲಿ ಹಾಕಿ ನಡೆದು ನೋಡಿ. ಎರಡು ಮೂರು ವರ್ಷಕ್ಕೊಮ್ಮೆ ಸೀಲರ್ ಮತ್ತೆ ಹೊಡೆಸಬೇಕು, ನಮಗೆ ಚದರ ಅಡಿಗೆ 14ರಂತೆ 8,400 ಹೇಳಿದ್ದಾರೆ. ಆ ಕೆಲಸವನ್ನು ನಾನು ನೇರವಾಗಿ ಆ ಮೇಸ್ತ್ರಿಗೇ ಕೊಡುತ್ತೇನೆ.