ದಿನಾಂಕಕ್ಕೆ ಬಿಡುಗಡೆಯೋ, ಸಿದ್ಧವಾದಾಗ ಬಿಡುಗಡೆಯೋ?

‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ಬದಲಿಸುವ ಸಣ್ಣ ಮುಕ್ತ ತಂತ್ರಾಂಶವೊಂದನ್ನು ನಾವು ಕೆಲವರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದೇವೆ. ಹೊಸ ಆವೃತ್ತಿಯನ್ನು ಯಾವಾಗ ಹೊರತರಬೇಕು ಎಂಬ ವಿಷಯದಲ್ಲಿ ಮೂರು ಪದ್ಧತಿಗಳನ್ನು ನಡೆಸಿ ನೋಡಿದ್ದೇವೆ.

ಮೊದಲು ಅನುಸರಿಸಿದ್ದು ‘ಸಿದ್ಧವಾದಾಗ ಬಿಡುಗಡೆ’. ಇದಕ್ಕೆ ಹೆಸರಾದದ್ದು ಡೆಬಿಯನ್ ಎಂಬ ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ. ಗಂಭೀರ ದೋಷಗಳ ಪಟ್ಟಿ ಕರಗುವ ತನಕ ಅದರ ತಂಡದವರು ಬಿಡುಗಡೆ ಮಾಡುವುದಿಲ್ಲ. 3.0 ಆವೃತ್ತಿ 2002ರ ಜುಲೈನಲ್ಲಿ ಬಂದರೆ 3.1ಕ್ಕೆ 2005ರ ಜೂನ್‌ವರೆಗೆ ಕಾಯಬೇಕಾಯಿತು; ಆಮೇಲೆ ಸುಮಾರು ಎರಡು ವರ್ಷಗಳ ಲಯ ಹಿಡಿಯಿತು. ಆ ತಾಳ್ಮೆಯ ಫಲವಾದ ಸ್ಥಿರತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಾಲ್ಕಾರು ಜನರ ತಂಡಕ್ಕೆ ಈ ಪದ್ಧತಿ ಒಗ್ಗುವುದಿಲ್ಲ. ‘ಇದೊಂದನ್ನು ಸೇರಿಸಿಬಿಡೋಣ’ ಎನ್ನುವ ಮಾತಿಗೆ ಕೊನೆಯೇ ಇರುವುದಿಲ್ಲ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಜೊತೆಗೆ ಒತ್ತಕ್ಷರವೂ ಇದ್ದರೆ ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಗುತ್ತದೆ. ಈ ದೋಷಕ್ಕೆ ಪರಿಹಾರ ಬರೆದು ಪರೀಕ್ಷಿಸಿದ್ದರೂ ಬೇರೊಂದು ಸೌಲಭ್ಯ ಅರ್ಧಕ್ಕೆ ನಿಂತಿತ್ತೆಂಬ ಕಾರಣಕ್ಕೆ ಅದು ಬಳಕೆದಾರರ ಕೈ ಸೇರಲಿಲ್ಲ.

ಎರಡನೆಯದು ಅಂತಹದೇ ಇನ್ನೊಂದು ವ್ಯವಸ್ಥೆಯಾದ ಆರ್ಚ್ ಲಿನಕ್ಸ್‌ನಂತೆ ನಿರಂತರ ಬಿಡುಗಡೆ. ತಿದ್ದಿದ್ದು ಕೂಡಲೇ ತಲುಪುತ್ತದೆ, ನಿಜ. ಆದರೆ ನಮ್ಮ ಬಳಕೆದಾರರು ಮುದ್ರಣಾಲಯದವರು, ಗ್ರಂಥಾಲಯದವರು. ಒಮ್ಮೆ ಹಾಕಿಕೊಂಡರೆ ಮತ್ತೆ ಮುಟ್ಟುವುದಿಲ್ಲ. ದೋಷದ ವರದಿ ಬಂದಾಗ ಅದು ಯಾವ ಆವೃತ್ತಿಯದೆಂದು ಪತ್ತೆಹಚ್ಚುವುದರಲ್ಲೇ ಸಂಜೆ ಕಳೆಯುತ್ತಿತ್ತು.

ಈಗ ನಾವು ನಿಂತಿರುವುದು ಮೂರನೆಯದಾದ ಕ್ಯಾಲೆಂಡರ್ ಪದ್ಧತಿಯಲ್ಲಿ. ಕಚೇರಿ ಕೆಲಸದ ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್‌ನ ದೊಡ್ಡ ಆವೃತ್ತಿಗಳು ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತವೆ, 2024ರಿಂದ 24.2, 24.8 ಎಂದು ಸಂಖ್ಯೆಯಲ್ಲೇ ವರ್ಷ, ತಿಂಗಳು ಸೇರಿವೆ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಪ್ರತಿ ಆವೃತ್ತಿಗೆ ಹೊಸದನ್ನು ಸೇರಿಸಲು ಎರಡು ವಾರ. ಉಳಿದ ಆರೇಳು ವಾರ ದೋಷ ತಿದ್ದುವುದಕ್ಕೇ ಮೀಸಲು. ದಿನಾಂಕ ಗಟ್ಟಿ, ಒಳಗೇನಿರುತ್ತದೆ ಎಂಬುದು ಸಡಿಲ. ಇದರ ದೊಡ್ಡ ಲಾಭ ಅನುವಾದಕರಿಗೆ. ತೆರೆಯ ಮೇಲಿನ ಸಂದೇಶಗಳನ್ನು ಬದಲಿಸಬಾರದೆಂಬ ಗಡುವು ಮೊದಲೇ ಗೊತ್ತಿದ್ದರೆ ಕನ್ನಡ ಅನುವಾದ ಮಾಡುವವರಿಗೆ ನೆಮ್ಮದಿಯ ಕೆಲವು ವಾರಗಳು ಸಿಗುತ್ತವೆ. ಕನ್ನಡದ ಸಾಲುಗಳ ನಡುವೆ ಇಂಗ್ಲಿಷ್ ಇಣುಕುವುದು ನಮ್ಮಲ್ಲಿ ಬಹುಮಟ್ಟಿಗೆ ನಿಂತದ್ದು ಈ ಗಡುವಿನಿಂದ.

ಕೊನೆಯ ವಾರದ ಧಾವಂತ ಈ ಪದ್ಧತಿಯ ದೌರ್ಬಲ್ಯ. ಏಪ್ರಿಲ್, ಅಕ್ಟೋಬರ್‌ಗಳಲ್ಲಿ ಆವೃತ್ತಿ ತರುವ ಲಿನಕ್ಸ್ ವ್ಯವಸ್ಥೆಯಾದ ಉಬುಂಟು ಕೂಡ 2006ರಲ್ಲಿ ಏಪ್ರಿಲ್ ಆವೃತ್ತಿಯನ್ನು ಜೂನ್‌ಗೆ ಮುಂದೂಡಿ 6.06 ಎಂದು ಹೊರತಂದಿತು. ಐದು ವರ್ಷ ಸರ್ವರ್‌ಗಳಲ್ಲಿ ನಿಲ್ಲಬೇಕಾದದ್ದಕ್ಕೆ ಆ ಎರಡು ತಿಂಗಳು ದುಬಾರಿಯಲ್ಲ. ಆದರೆ ಅಂತಹ ಮುಂದೂಡಿಕೆ ಅಪರೂಪವಾಗಿಯೇ ಉಳಿಯಬೇಕು.

ದೋಷ ತಿದ್ದುವ ಆವೃತ್ತಿಗಳಲ್ಲಿ ನನಗೆ ಮಾದರಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶ. ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್‌ಗಳಲ್ಲಿ ಬರುವ ಅದರ ಕಿರು ಆವೃತ್ತಿಗಳಲ್ಲಿ ಇರುವುದು ಪರಿಹಾರಗಳು ಮಾತ್ರ, ಹೊಸ ಸೌಲಭ್ಯವಿಲ್ಲ. ಹಾಗಾಗಿ ಹೆದರದೆ ಹಾಕಿಕೊಳ್ಳಬಹುದು. ಕರ್ನೆಲ್‌ನಿಂದ ಇನ್ನೊಂದು ನಿಯಮವನ್ನೂ ತೆಗೆದುಕೊಂಡೆವು: ಪರಿಹಾರ ಮೊದಲು ಮುಂದಿನ ಆವೃತ್ತಿ ರೂಪುಗೊಳ್ಳುವ ಮುಖ್ಯ ಶಾಖೆಗೆ, ಆಮೇಲೆ ಹಳೆಯ ಆವೃತ್ತಿಗೆ. ಹಾಗೆ ಮಾಡದಿದ್ದರೆ ಹೋದ ದೋಷ ಹೊಸ ಆವೃತ್ತಿಯಲ್ಲಿ ಮರಳಿ ಬರುತ್ತದೆ. ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆಂದು ತಂಡದ ಕೆಲವರಿಗೆ ಇದು ಇನ್ನೂ ಹಿಡಿಸಿಲ್ಲ. ಹೊರೆ ನಿಜವೇ, ಹೊತ್ತುಕೊಳ್ಳಬೇಕಾದ ಹೊರೆ.

ಯಾವ ದೋಷ ಮೊದಲು ಎಂಬುದರಲ್ಲಿ ನನ್ನದು ಹಟದ ನಿಲುವು. ತಂತ್ರಾಂಶ ನಡುವೆ ನಿಂತುಹೋದರೆ ಬಳಕೆದಾರರಿಗೆ ಗೊತ್ತಾಗುತ್ತದೆ. ಅಕ್ಷರ ಸದ್ದಿಲ್ಲದೆ ಕೆಟ್ಟರೆ ಪುಸ್ತಕ ಅಚ್ಚಾಗಿಬಿಡುತ್ತದೆ. ಆದ್ದರಿಂದ ಪಠ್ಯವನ್ನು ಕೆಡಿಸುವ ದೋಷಕ್ಕೆ ಕ್ಯಾಲೆಂಡರ್ ಅನ್ವಯಿಸುವುದಿಲ್ಲ: ಪರಿಹಾರವನ್ನು ಪರೀಕ್ಷಿಸಿ ಮುಗಿದ ದಿನವೇ ಕಿರು ಆವೃತ್ತಿ. ಅಕ್ಷರ ಜೋಡಣೆಯ ಇಡೀ ಕೋಷ್ಟಕವನ್ನೇ ಬದಲಿಸುವ ಕೆಲಸ ಬಂದಾಗ ಮಾತ್ರ ಈಗಲೂ ಡೆಬಿಯನ್ ದಾರಿ: ಹಳೆಯ ಮಾದರಿ ಪುಟಗಳೆಲ್ಲ ತಪ್ಪಿಲ್ಲದೆ ಬದಲಾಗುವ ತನಕ ಅದು ಮುಖ್ಯ ಶಾಖೆಗೆ ಸೇರುವುದಿಲ್ಲ.