ಉಳಿದ ರೊಟ್ಟಿ, ಬೇಸಿಗೆಯ ರಾತ್ರಿ: ರಾಯಚೂರಿನಲ್ಲಿ ಉಂಡು ನೋಡಿದ ಹೋಲಿಕೆ

ರಾಯಚೂರಿನ ಬೇಸಿಗೆ ಹಗಲಿಗಿಂತ ರಾತ್ರಿ ಜಾಸ್ತಿ ಕಾಡುತ್ತದೆ. ಹಗಲು 42 ಡಿಗ್ರಿ ಇದ್ದರೂ ಎಲ್ಲೋ ನೆರಳು ಹಿಡಿದು ಕೂತು ಕಳೆಯಬಹುದು. ಸಂಜೆ ಏಳಕ್ಕೆ ಮನೆಗೆ ಬಂದು ಗೋಡೆ ಮುಟ್ಟಿ ನೋಡಿದರೆ ಅದು ಇನ್ನೂ ಕಾದಿರುತ್ತದೆ. ಕೋಟೆ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ರಾತ್ರಿಯೆಲ್ಲ ಆ ಬಿಸಿ ಬಿಡುತ್ತವೆ. ಅಂಥ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಬೇಕು. ಗ್ಯಾಸ್ ಹಚ್ಚಿದರೆ ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಉರಿ ನಿಲ್ಲುವುದಿಲ್ಲ. ಎಷ್ಟು ನಿಮಿಷ ಫ್ಯಾನ್ ಇಲ್ಲದೆ ನಿಲ್ಲಬೇಕು ಅನ್ನುವುದೇ ನಮ್ಮ ಮನೆಯಲ್ಲಿ ಬೇಸಿಗೆ ಊಟದ ಮೊದಲ ಲೆಕ್ಕ.

ಜೋಳದ ರೊಟ್ಟಿ ಬಡಿಯುವುದು ಬೆಳಿಗ್ಗೆ ಆರಕ್ಕೆ. ಅವ್ವ ಬಡಿಯುತ್ತಾಳೆ, ನಾನು ಸುಡುತ್ತೇನೆ. ಎಲ್ಲರ ಡಬ್ಬಿ ತುಂಬಿ, ಮಧ್ಯಾಹ್ನ ಅವ್ವ ಉಂಡ ಮೇಲೂ ಐದಾರು ರೊಟ್ಟಿ ಬುಟ್ಟಿಯಲ್ಲಿ ಉಳಿಯುತ್ತವೆ. ಹೋದ ವರ್ಷದವರೆಗೆ ಅವನ್ನು ಪಕ್ಕಕ್ಕಿಟ್ಟು ರಾತ್ರಿ ಹೊಸದಾಗಿ ಅನ್ನ, ಸಾರು ಮಾಡುತ್ತಿದ್ದೆವು. ಮುಕ್ಕಾಲು ಗಂಟೆ ಒಲೆ ಮುಂದೆ. ಉಂಡು ಮಾಳಿಗೆಗೆ ಹೋಗಿ ಮಲಗಿದರೆ ಹೊಟ್ಟೆ ಭಾರ, ಮೈಯೆಲ್ಲ ಬೆವರು. ಈ ಸಲ ಏಪ್ರಿಲ್ ಮೊದಲ ವಾರದಿಂದ ಮೇ ನಡುವಿನವರೆಗೆ ಉಳಿದ ರೊಟ್ಟಿಯ ಮೇಲೇ ರಾತ್ರಿ ಊಟ ನಡೆಸಿದೆವು. ಒಂದೊಂದು ಬಗೆಯನ್ನೂ ಕಡಿಮೆ ಅಂದರೆ ನಾಲ್ಕು ಸಲ ಮಾಡಿದೆ. ಒಲೆ ಎಷ್ಟು ನಿಮಿಷ ಉರಿಯಿತು, ಉಂಡ ಮೇಲೆ ಮಲಗುವವರೆಗೆ ಎಷ್ಟು ಲೋಟ ನೀರು ಕುಡಿದೆವು, ಹನ್ನೊಂದಕ್ಕೆ ಯಾರಿಗಾದರೂ ಹಸಿವಾಯಿತಾ, ಇಷ್ಟನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ.

ಮೊದಲು ರೊಟ್ಟಿಯ ಬಗ್ಗೆ ಒಂದು ಮಾತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ರೊಟ್ಟಿ ತಣ್ಣಗಾದ ಹಾಗೆಲ್ಲ ಅದು ಬಿಗಿಯಾಗುತ್ತದೆ. ಸಂಜೆಗೆ ರೊಟ್ಟಿ ಬಿರುಸಾಗುವುದು ಅದಕ್ಕೇ. ಇದನ್ನು ನಾವು ಕೊರತೆ ಅಂದುಕೊಂಡಿದ್ದೆವು. ಆದರೆ ಆ ಬಿಗಿ ಇರುವುದರಿಂದಲೇ ಮಜ್ಜಿಗೆಯಲ್ಲಿ ನೆನೆದರೂ ರೊಟ್ಟಿ ತುಂಡಾಗಿ ನಿಲ್ಲುತ್ತದೆ, ಒಗ್ಗರಣೆಯಲ್ಲಿ ಹೊರಳಿಸಿದರೂ ಮುದ್ದೆಯಾಗುವುದಿಲ್ಲ. ಬೆಳಗಿನ ಬಿಸಿ ರೊಟ್ಟಿಯನ್ನು ಒಮ್ಮೆ ಹಾಗೇ ಮಜ್ಜಿಗೆಗೆ ಹಾಕಿ ನೋಡಿದೆ, ಅಂಟಂಟಾಗಿ ತಿನ್ನಲಾಗಲಿಲ್ಲ. ಇನ್ನು ಕಸುವಿನ ಮಾತು ಬಂದರೆ, ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರು ಇರುತ್ತದೆ. ಎರಡು ರೊಟ್ಟಿಗೆ ಹೊಟ್ಟೆ ಹಿಡಿಯುತ್ತದೆ, ಭಾರ ಅನ್ನಿಸುವುದಿಲ್ಲ.

ಇಡುವ ಕ್ರಮ ಮಾತ್ರ ಸರಿ ಇರಬೇಕು. ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಹಾಕಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿದರೆ ಒಳಗೇ ಬೆವೆತು ಸಂಜೆಗೆ ಹುಳಿ ವಾಸನೆ ಬರುತ್ತದೆ. ಒಂದು ದಿನ ಹೀಗೇ ಆರು ರೊಟ್ಟಿ ದನಕ್ಕೆ ಹಾಕಬೇಕಾಯಿತು. ಈಗ ಬಿಡಿಬಿಡಿಯಾಗಿ ಹರವಿ, ಪೂರ್ತಿ ಆರಿದ ಮೇಲೆ ಬಿದಿರಿನ ಬುಟ್ಟಿಗೆ ಹಾಕಿ ಒಣ ಬಟ್ಟೆ ಮುಚ್ಚುತ್ತೇನೆ.

ರೊಟ್ಟಿ ಮಜ್ಜಿಗೆ

ಇದು ಹೊಸದಲ್ಲ. ಅವ್ವ ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ತಂಗಳ ರೊಟ್ಟಿ, ಮಜ್ಜಿಗೆ, ಒಂದು ಉಳ್ಳಾಗಡ್ಡಿ, ಅಷ್ಟೇ ಬುತ್ತಿ. ನನಗೆ ಗೊತ್ತಿದ್ದದ್ದೂ ಅಷ್ಟೇ: ಮುರಿದು ಹಾಕು, ಕಲಸು, ತಿನ್ನು. ಮಾಡಲು ಕೂತಾಗ ಅಷ್ಟು ಸುಲಭ ಇರಲಿಲ್ಲ. ಮೊದಲ ಸಲ ಗಟ್ಟಿ ಮೊಸರಿಗೇ ಹಾಕಿದೆ. ನಲವತ್ತು ನಿಮಿಷ ಆದರೂ ನಡುವೆ ಬಿರುಸು ಉಳಿಯಿತು, ಮೊಸರೆಲ್ಲ ಮೇಲೇ ಕೂತಿತು. ಎರಡನೇ ಸಲ ಬಿಸಿ ನೀರು ಚಿಮುಕಿಸಿ ಆಮೇಲೆ ಮೊಸರು ಹಾಕಿದೆ. ಅಂಚು ಕರಗಿ ಗಂಜಿಯಾಯಿತು.

ಸರಿಯಾದದ್ದು ಮೂರನೇ ಸಲ. ಒಂದು ಪಾಲು ಮೊಸರು, ಎರಡು ಪಾಲು ತಣ್ಣೀರು, ಉಪ್ಪು ಹಾಕಿ ಕಡೆದ ತೆಳು ಮಜ್ಜಿಗೆ. ಎರಡು ರೊಟ್ಟಿಗೆ ಒಂದೂವರೆ ಲೋಟ. ರೊಟ್ಟಿಯನ್ನು ಹಳೇ ಒಂದು ರೂಪಾಯಿ ಬಿಲ್ಲೆಯಷ್ಟು ಮುರಿದು ಅದರಲ್ಲಿ ಮುಳುಗಿಸಿ ಇಪ್ಪತ್ತು ನಿಮಿಷ ಬಿಡಬೇಕು. ಉಬ್ಬಿದ ರೊಟ್ಟಿಗೆ ಎರಡು ಪದರ ಇರುತ್ತದೆ, ಗಮನಿಸಿದ್ದೀರಾ? ಮೇಲಿನ ತೆಳು ಪೊರೆ ಐದೇ ನಿಮಿಷಕ್ಕೆ ನೆನೆದು ಬಿಚ್ಚಿಕೊಂಡು ತೇಲುತ್ತದೆ. ಕೆಳಗಿನ ದಪ್ಪ ಪದರ ನಿಧಾನ. ಅದನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಒಂದು ಸಣ್ಣ ರವೆಯ ಹಾಗೆ ತಡೆದರೆ ಅದೇ ಹದ. ಅದೂ ಹೋಗಿ ಪೂರ್ತಿ ಮೆತ್ತಗಾದರೆ ಹೊತ್ತು ಮೀರಿತು ಅಂತ. ಹದಕ್ಕೆ ಬಂದ ಕೂಡಲೇ ಮೇಲೆ ಎರಡು ಚಮಚ ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಅರ್ಧ ಹಸಿಮೆಣಸಿನಕಾಯಿ, ಹುರಿದು ಪುಡಿ ಮಾಡಿದ ಜೀರಿಗೆ, ಕೊತ್ತಂಬರಿ. ಸೌತೆಕಾಯಿ ಇದ್ದರೆ ತುರಿದು ಹಾಕಿದರೆ ಇನ್ನೂ ತಂಪು.

ನಿಜವಾದ ತೊಂದರೆ ಮೊಸರಿನದು. ನಮ್ಮೂರ ಏಪ್ರಿಲ್‌ನಲ್ಲಿ ಹಾಲು ನಾಲ್ಕೇ ಗಂಟೆಯಲ್ಲಿ ಹೆಪ್ಪಾಗುತ್ತದೆ. ಬೆಳಿಗ್ಗೆ ಹೆಪ್ಪು ಹಾಕಿದ್ದು ಸಂಜೆಗೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅವ್ವ ಇದಕ್ಕೆ ದಾರಿ ಹುಡುಕಿದಳು. ಹೆಪ್ಪನ್ನು ಅರ್ಧ ಮಾಡಿ, ಮಧ್ಯಾಹ್ನ ಎರಡಕ್ಕೆ ಹಾಕಿ, ಆರಕ್ಕೆ ಫ್ರಿಜ್ಜಿಗೆ. ಏಳೂವರೆಗೆ ಸಿಹಿ ಮೊಸರು ಸಿಗುತ್ತದೆ. ಈ ಒಂದು ಬದಲಾವಣೆಗೆ ಊಟದ ರುಚಿಯೇ ಬೇರೆ ಆಯಿತು.

ಒಲೆ: ಸೊನ್ನೆ. ಸಾಸಿವೆ, ಕರಿಬೇವಿನ ಒಗ್ಗರಣೆ ಬೇಕೇ ಬೇಕು ಅಂದರೆ ಎರಡು ನಿಮಿಷ. ನೀರು: ಒಂದು ಲೋಟ, ಕೆಲವು ದಿನ ಅದೂ ಇಲ್ಲ. ಹನ್ನೊಂದಕ್ಕೆ ಹಸಿವು: ಯಾರಿಗೂ ಇಲ್ಲ. ಎಂಟು ವರ್ಷದ ಮಗ ಮಾತ್ರ ಬಟ್ಟಲು ನೋಡಿಯೇ ಬೇಡ ಅಂದ. ಮೇಲೆ ಒಂದು ಹಿಡಿ ಹುರಿದ ಶೇಂಗಾ ಹಾಕಿ ಕೊಟ್ಟ ಮೇಲೆ ತಿನ್ನಲು ಶುರು ಮಾಡಿದ. ಈಗ ಶೇಂಗಾ ಇಲ್ಲದಿದ್ದರೂ ತಿನ್ನುತ್ತಾನೆ.

ರೊಟ್ಟಿ ಒಗ್ಗರಣೆ

ರುಚಿಯಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಇದನ್ನು ನೇರವಾಗಿ ಹೇಳುತ್ತೇನೆ. ನಾಲ್ಕು ರೊಟ್ಟಿಯನ್ನು ಕೈಯಲ್ಲಿ ಪುಡಿಪುಡಿ ಮಾಡಿ, ಮೇಲೆ ಅರ್ಧ ಲೋಟ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಬೇಕು. ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಎರಡು ಉಳ್ಳಾಗಡ್ಡಿ, ಅರಿಸಿನ, ಕೆಂಪು ಖಾರ, ಉಪ್ಪು. ಪುಡಿ ಹಾಕಿ ಹೊರಳಿಸಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಬೇಕು. ಮುಚ್ಚಳ ತೆಗೆದಾಗ ಬಳ್ಳೊಳ್ಳಿ ಜೊತೆ ಸುಟ್ಟ ಜೋಳದ ವಾಸನೆ ಬರುತ್ತದಲ್ಲ, ಮಗಳು ಓದುವುದು ಬಿಟ್ಟು ಎದ್ದು ಬರುತ್ತಾಳೆ.

ಆದರೆ ಒಲೆ ಹನ್ನೆರಡು ನಿಮಿಷ. ಎಣ್ಣೆ ಕಡಿಮೆ ಮಾಡಿದರೆ ಒಣಗಿ ಗಂಟಲು ಹಿಡಿಯುತ್ತದೆ, ಹಾಗಾಗಿ ಎರಡು ದೊಡ್ಡ ಚಮಚ ಬೇಕು. ಉಂಡ ಮೇಲೆ ನೀರು ನಾಲ್ಕು ಲೋಟ! ನಾಲ್ಕು ಸಲ ಮಾಡಿದಾಗಲೂ ಇದೇ ಲೆಕ್ಕ. ಖಾರ ಕಡಿಮೆ ಹಾಕಿ ನೋಡಿದೆ, ಮೂರಕ್ಕೆ ಇಳಿಯಿತು, ರುಚಿಯೂ ಇಳಿಯಿತು. ಕೊನೆಗೆ ಪಕ್ಕಕ್ಕೆ ಒಂದು ಲೋಟ ನೀರು ಮಜ್ಜಿಗೆ ಇಟ್ಟುಕೊಂಡು ಉಣ್ಣುವುದೇ ಸರಿ ಅನ್ನಿಸಿತು.

ಒಂದು ಸೋಮವಾರ ಭಾನುವಾರದ ಒಣ ಮಟನ್ ಸ್ವಲ್ಪ ಫ್ರಿಜ್ಜಿನಲ್ಲಿ ಉಳಿದಿತ್ತು. ನಾಲ್ಕೇ ತುಂಡು. ಎಳೆಎಳೆಯಾಗಿ ಬಿಡಿಸಿ ಉಳ್ಳಾಗಡ್ಡಿ ಜೊತೆ ಚೆನ್ನಾಗಿ ಬಿಸಿ ಮಾಡಿ, ಅದರ ಮೇಲೆ ರೊಟ್ಟಿ ಪುಡಿ ಹಾಕಿದೆ. ನಾಲ್ಕು ತುಂಡಿನಲ್ಲಿ ಐದು ಜನಕ್ಕೂ ಮಟನ್ ರುಚಿ ಸಿಕ್ಕಿತು. ಮಾಂಸ ಉಳಿದ ದಿನ ಸಾರು ಮಾಡಿ ನೀಗಿಸುವುದಕ್ಕಿಂತ ಇದು ಎಷ್ಟೋ ಮೇಲು. ರಾತ್ರಿ ಮಾತ್ರ ಹೊಟ್ಟೆ ಹಗುರ ಇರಲಿಲ್ಲ.

ಖಡಕ್ ರೊಟ್ಟಿ, ಹಸಿ ತರಕಾರಿ

ಇಲ್ಲಿ ಬಿಸಿಲೇ ನಮ್ಮ ಒಲೆ. ಮಧ್ಯಾಹ್ನ ಉಳಿದ ರೊಟ್ಟಿಯನ್ನು ಮಾಳಿಗೆ ಮೇಲೆ ಮೊರದಲ್ಲಿ ಹರವಿ, ತೆಳು ಬಟ್ಟೆ ಮುಚ್ಚಿ ಬಿಟ್ಟರೆ ಎರಡು ಗಂಟೆಯಲ್ಲಿ ತೇವ ಹೋಗಿಬಿಡುತ್ತದೆ. ಬಿಸಿಲಿನಲ್ಲಿ ಒಣಗಿದ್ದು ಗಟ್ಟಿ ಆಗುತ್ತದೆ, ಗರಿಗರಿ ಆಗುವುದಿಲ್ಲ. ಕಡಿದರೆ ಚರ್ಮದ ಹಾಗೆ ಎಳೆಯುತ್ತದೆ. ಊಟಕ್ಕೆ ಮುಂಚೆ ಕಾದ ಹಂಚಿನ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಇಟ್ಟು ಬಟ್ಟೆಯಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬಿಸಿಲಿಗೆ ಹಾಕದೆ ಹಂಚಿನ ಮೇಲೇ ಗರಿ ಮಾಡಲು ನೋಡಿದರೆ ಒಂದೊಂದಕ್ಕೂ ಐದು ನಿಮಿಷ, ಅಂಚು ಕರಿಯಾಗುತ್ತದೆ, ನಡುವೆ ಮೆತ್ತಗೆ.

ಅದರ ಮೇಲೆ ಶೇಂಗಾ ಚಟ್ನಿಪುಡಿ, ನಾಲ್ಕು ಹನಿ ಎಣ್ಣೆ, ತೆಳುವಾಗಿ ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಟೊಮೆಟೊ, ಹುಳಿ ಮಾವಿನಕಾಯಿ ಚೂರು. ಪಕ್ಕಕ್ಕೆ ಮೊಸರು. ಗುರೆಳ್ಳು ಪುಡಿಯೂ ಹಾಕಿ ನೋಡಿದೆ. ಸೌತೆಕಾಯಿ ಜೊತೆ ಗುರೆಳ್ಳೇ ಚೆನ್ನ, ಮಾವಿನಕಾಯಿ ಜೊತೆ ಶೇಂಗಾ. ಹಸಿಯಾಗೇ ತಿನ್ನುವ ಹಕ್ಕರಕಿ ಸೊಪ್ಪಿದ್ದರೆ ಬೇರೇನೂ ಬೇಡ, ಆದರೆ ಅದು ಚಳಿಗಾಲದ ಸುಖ. ಉಸ್ಮಾನಿಯಾ ಮಾರುಕಟ್ಟೆಯಲ್ಲಿ ಸಂಜೆ ಹೊತ್ತಿಗೆ ಸೊಪ್ಪೆಲ್ಲ ಬಾಡಿರುತ್ತದೆ. ಸೌತೆಕಾಯಿ ಬೆಳಿಗ್ಗೆಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ರಾತ್ರಿಗೂ ನೀರು ತುಂಬಿಕೊಂಡೇ ಇರುತ್ತದೆ.

ಒಲೆ ಒಟ್ಟು ಐದು ನಿಮಿಷ. ನೀರು ಎರಡು ಲೋಟ. ಕರೆಂಟ್ ಹೋದ ರಾತ್ರಿಗಳಲ್ಲಿ ಇದರಷ್ಟು ಅನುಕೂಲ ಯಾವುದೂ ಇರಲಿಲ್ಲ. ಎಲ್ಲವನ್ನೂ ಮಾಳಿಗೆಗೆ ಒಯ್ದು ಚಾಪೆ ಮೇಲೆ ಕೂತು, ಅವರವರೇ ಹಾಕಿಕೊಂಡು ತಿಂದೆವು. ಆದರೆ ಅವ್ವನಿಗೆ ಇದು ಆಗಲಿಲ್ಲ. ಹಲ್ಲು ಮೊದಲಿನ ಹಾಗಿಲ್ಲ, ಎರಡು ತುಣುಕು ತಿಂದು ಉಳಿದದ್ದನ್ನು ಮೊಸರಿಗೆ ಹಾಕಿಕೊಂಡಳು. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ನೆನಪಿಡಿ.

ಮಂಡಾಳು

ರೊಟ್ಟಿ ಉಳಿಯದ ದಿನ ಮಂಡಾಳು, ಅಂದರೆ ಮಂಡಕ್ಕಿ, ಅದರ ಒಗ್ಗರಣೆ ಮಾಡಿದೆವು. ನಮ್ಮ ಕಡೆ ಯಾರ ಮನೆಗೆ ಹೋದರೂ ಕೊಡುವುದು ಅದೇ ಅಲ್ವಾ. ಮಂಡಾಳನ್ನು ನೀರಿಗೆ ಹಾಕಿ ಕೂಡಲೇ ಹಿಂಡಿ, ಪುಟಾಣಿ (ಹುರಿಗಡಲೆ) ಪುಡಿ ಉದುರಿಸಿ, ಒಗ್ಗರಣೆಗೆ ಹಾಕಿದರೆ ಏಳು ನಿಮಿಷದ ಕೆಲಸ. ಹಗುರ ಅಂದರೆ ಬಹಳ ಹಗುರ. ಅದೇ ತೊಂದರೆ. ಮೂರು ಸಲ ಮಗ ಹನ್ನೊಂದಕ್ಕೆ ಹಸಿವು ಅಂತ ಎದ್ದ. ಜೊತೆಗೆ ಮಿರ್ಚಿ ಭಜಿ ಇದ್ದರೆ ಹೊಟ್ಟೆ ತುಂಬುತ್ತದೆ, ಆದರೆ ಕಾದ ಎಣ್ಣೆ ಮುಂದೆ ನಿಲ್ಲುವುದಾದರೆ ಇಷ್ಟೆಲ್ಲ ಹುಡುಕಾಟ ಯಾಕೆ? ಇದು ಸಂಜೆ ಐದರ ತಿಂಡಿ, ರಾತ್ರಿ ಊಟಕ್ಕೆ ಸಾಲದು.

ಮಧ್ಯಾಹ್ನದ ಅನ್ನ

ಸಿಂಧನೂರು, ಗಂಗಾವತಿ ಪಕ್ಕದಲ್ಲಿದ್ದ ಮೇಲೆ ಸೋನಾ ಮಸೂರಿ ಮನೆಯಲ್ಲಿ ಇದ್ದೇ ಇರುತ್ತದೆ. ಮೊಸರನ್ನಕ್ಕೆ ಅದಕ್ಕಿಂತ ಒಳ್ಳೆಯ ಅಕ್ಕಿ ಬೇಡ. ಆದರೂ ಮಧ್ಯಾಹ್ನ ಉಳಿದ ಅನ್ನವನ್ನು ಬೇಸಿಗೆಯಲ್ಲಿ ರಾತ್ರಿಯವರೆಗೆ ಹೊರಗಿಟ್ಟು ಉಣ್ಣಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕ ಅನ್ನ ಬೆಂದರೂ ಸಾಯುವುದಿಲ್ಲ. ಸೆಕೆಯಲ್ಲಿ ಅದು ಬೇಗ ಬೆಳೆಯುತ್ತದೆ, ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಏಪ್ರಿಲ್ ಎರಡನೇ ವಾರ ನಾನು ಹಾಗೆ ಉಂಡು ರಾತ್ರಿಯೆಲ್ಲ ವಾಂತಿ ಮಾಡಿಕೊಂಡೆ. ಆಮೇಲೆ ಅನ್ನವನ್ನು ಈ ಹೋಲಿಕೆಯಿಂದಲೇ ತೆಗೆದೆ. ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಇಡುವವರಿದ್ದರೆ ಸರಿ. ನಮ್ಮ ಮನೆಯಲ್ಲಿ ಮಧ್ಯಾಹ್ನ ಅವ್ವ ಒಬ್ಬಳೇ, ಅವಳಿಗೆ ಆ ಹೊತ್ತಿಗೆ ನಿದ್ದೆ.

ಈಗ ನಡೆಸುತ್ತಿರುವುದು

ವಾರದಲ್ಲಿ ನಾಲ್ಕು ರಾತ್ರಿ ರೊಟ್ಟಿ ಮಜ್ಜಿಗೆ. ಮಾಳಿಗೆಯಲ್ಲಿ ಮಲಗಿದಾಗ ಹೊಟ್ಟೆ ಇದೆ ಅನ್ನುವುದೇ ಗೊತ್ತಾಗದ ಊಟ ಅದೊಂದೇ, ನನಗೆ ಅದಕ್ಕಿಂತ ದೊಡ್ಡ ಅಳತೆ ಇಲ್ಲ. ಎರಡು ರಾತ್ರಿ ಖಡಕ್ ರೊಟ್ಟಿ, ಆಗ ಅವ್ವನಿಗೆ ಮಜ್ಜಿಗೆಯದೇ. ಶನಿವಾರ ಮಕ್ಕಳಿಗಾಗಿ ಒಗ್ಗರಣೆ, ಬಿಸಿ ತಡೆಯಲು ಅದನ್ನು ಒಂಬತ್ತರ ಮೇಲೆ ಮಾಡುತ್ತೇನೆ. ಅವ್ವ ಈಗ ಬೆಳಿಗ್ಗೆ ಹಿಟ್ಟು ನಾದುವಾಗಲೇ ಸಂಜೆಗೆ ಎಷ್ಟು ಅಂತ ಕೇಳಿ ಎರಡು ಉಂಡೆ ಜಾಸ್ತಿ ಹಿಡಿಯುತ್ತಾಳೆ. ಅವನ್ನು ಸ್ವಲ್ಪ ತೆಳುವಾಗಿ ಬಡಿಯುತ್ತಾಳೆ, ಬೇಗ ನೆನೆಯಲಿ ಅಂತ. ತೆಳು ರೊಟ್ಟಿಗೆ ಇಪ್ಪತ್ತು ನಿಮಿಷ ಬೇಡ, ಹದಿಮೂರು ಹದಿನಾಲ್ಕು ಸಾಕು.

ಜೂನ್‌ನಲ್ಲಿ ಮಳೆ ಹಿಡಿದರೆ ಬಿಸಿಲಿನ ಕೆಲಸ ನಿಲ್ಲುತ್ತದೆ. ಗಾಳಿಯಲ್ಲಿ ತೇವ ಏರಿದ ಮೇಲೆ ಬುಟ್ಟಿಯ ರೊಟ್ಟಿಗೂ ಬೂಷ್ಟು ಬೇಗ ಬರುತ್ತದೆ. ಆಗ ಮಧ್ಯಾಹ್ನವೇ ಫ್ರಿಜ್ಜಿಗೆ ಇಟ್ಟು ಸಂಜೆ ತೆಗೆಯಬೇಕು. ಫ್ರಿಜ್ಜಿನ ರೊಟ್ಟಿ ಇನ್ನೂ ಬಿರುಸು, ಮಜ್ಜಿಗೆಯಲ್ಲಿ ಐದು ನಿಮಿಷ ಹೆಚ್ಚಿಗೆ ಬಿಡಿ.